ಹಿಂದಿರುಗಿ ಬಂದ ಲಕೋಟೆ

ತ್ರಿಪ್ಪುಣಿತ್ತುರದ ಮನೆಯಲ್ಲಿ ಕರೆಂಟು ಹೋಗಿತ್ತು. ಸಂಜೆಯ ಮಳೆ ಬಿಡುವ ಹಾಗಿರಲಿಲ್ಲ. ದೇವರ ದೀಪದ ಹತ್ತಿರ ಸರಿದು ಕೂತ ಮೊಮ್ಮಕ್ಕಳು ದೆವ್ವದ ಕತೆಗಾಗಿ ಕಾಡಿದಾಗ ಅನಸೂಯಮ್ಮ ಜಪಮಾಲೆ ಕೆಳಗಿಟ್ಟರು.

"ದೆವ್ವ ಅನ್ನಬೇಡಿ ಮಕ್ಕಳೇ, ಅವನು ನನ್ನಣ್ಣ, ನಿಮ್ಮ ಹರಿನಾರಾಯಣಜ್ಜ. ಎರಡು ಸಾವಿರದ ಮೂರರ ಆಷಾಢ. ಬೆಳಿಗ್ಗೆ ತಿರುವನಂತಪುರದ ತಂಪಾನೂರಿನ ಲಾಡ್ಜಿನಿಂದ ಫೋನು ಬಂತು... ಅಂಚೆ ಪ್ರದರ್ಶನಕ್ಕೆಂದು ಅಲ್ಲಿಗೆ ಹೋದವನು ಮಲಗಿದಲ್ಲೇ ಹೋಗಿಬಿಟ್ಟಿದ್ದ.

ಅವನು ಕೂಡಿಟ್ಟದ್ದು ಎಂತದು ಗೊತ್ತುಂಟಾ? ಯುದ್ಧಕಾಲದ ಲಕೋಟೆಗಳು. ಬಾವುಟ ಹಿಡಿದ ಸೈನಿಕನ ಚಿತ್ರದವು ಕೆಲವು. ಅರುವತ್ತೈದರಲ್ಲಿ ಕರಾಚಿಗೆ ಹೊರಟು, ಗಡಿ ಮುಚ್ಚಿತೆಂದು 'ಕಳುಹಿಸಿದವರಿಗೆ ವಾಪಸ್' ಎಂಬ ಮುದ್ರೆ ಹೊತ್ತು ಮರಳಿದವು ಕೆಲವು. 'ಮುಖ ಎಲ್ಲರೂ ನೋಡ್ತಾರೆ ಮಾರಾಯ್ತಿ, ಲಕೋಟೆಯ ಬೆನ್ನು ನೋಡು, ತಲುಪಿದ ಊರಿನ ಮುದ್ರೆ ಇರುವುದು ಅಲ್ಲಿ' ಅನ್ನುತ್ತಿದ್ದ.

ಹೆಣದ ಜೊತೆ, ಪ್ರದರ್ಶನ ಕಾಣದ ಆಲ್ಬಮ್ಮೂ ಈ ಮನೆಗೇ ಬಂತು. ಚಟ್ಟ ಎತ್ತುವಾಗ ಅವನ ಹೆಂಡತಿ, ನಮ್ಮ ವಿನೋದತ್ತಿಗೆ, ಹೊಸ್ತಿಲಲ್ಲಿ ನಿಂತು, ದಿನಾ ಬ್ಯಾಂಕಿಗೆ ಕಳುಹಿಸಿದ ರೂಢಿಯಲ್ಲಿ, 'ಹೋಗಿ ಬನ್ನಿ' ಅಂದುಬಿಟ್ಟರು! ಸತ್ತವರಿಗೆ ಹಾಗನ್ನಬಹುದಾ?

ಬಂದ.

ಸಮಾರಾಧನೆ ಮುಗಿದ ಮೇಲೆ ಶುರು. ಮಧ್ಯಾಹ್ನ ಪೋಸ್ಟ್‌ಮ್ಯಾನ್ ಬರುವ ಹೊತ್ತಿಗೆ ಗೇಟಿನ ಚಿಲಕದ ಸದ್ದು... ನೋಡಿದರೆ ಯಾರೂ ಇಲ್ಲ. ಒಳಗೆ, ಮರಳಿದ ಲಕೋಟೆಗಳು ಮಾತ್ರ ಆಲ್ಬಮ್ಮಿನಿಂದ ಹೊರಬಂದು, ಮೇಜಿನ ಮೇಲೆ ಬೆನ್ನು ಮೇಲಾಗಿ ಬಿದ್ದಿದ್ದವು. ತಲುಪಿದ ಮುದ್ರೆ ಒಂದರಲ್ಲೂ ಇಲ್ಲ. ಅತ್ತಿಗೆ ಸೆರಗು ಸೊಂಟಕ್ಕೆ ಸಿಕ್ಕಿಸಿದರು. 'ತಲುಪಲಿಲ್ಲ ಅಂತ ಹೇಳ್ತಿದ್ದಾರೆ ಅನಸೂಯಾ. ವಾಪಸ್ ಕರೆದವಳು ನಾನು, ಕಳಿಸುವವಳೂ ನಾನೇ.'

ಮರುವರ್ಷ ಒಬ್ಬರೇ ತಿರುವನಂತಪುರದ ರೈಲು ಹತ್ತಿದರು. ಲಕೋಟೆಗಳನ್ನು ಪ್ರದರ್ಶನದಲ್ಲಿ ಕೈಯಾರೆ ಜೋಡಿಸಿ, ಒಂದನ್ನೂ ವಾಪಸ್ ತಾರದೆ ಅಲ್ಲಿಯ ಸಂಗ್ರಾಹಕರ ಸಂಘಕ್ಕೇ ಒಪ್ಪಿಸಿದರು. ಆಮೇಲೆ ಆ ಲಾಡ್ಜಿನ ಬಾಗಿಲಲ್ಲಿ ನಿಂತು, 'ಇನ್ನು ಬರಬೇಡಿ. ಕಾಲ ಬಂದಾಗ ನಾನೇ ಬರ್ತೇನೆ' ಅಂದರಂತೆ. ಗಂಡನಿಗೆ ಬಾಳಿಡೀ ಆಡದ ಮಾತು! ಚಿಲಕದ ಸದ್ದು ನಿಂತಿತು.

ಹೋದ ವರ್ಷ ಅತ್ತಿಗೆಯೂ ಹೊರಟರು. ಕಳಿಸುವಾಗ ನಾವೆಲ್ಲ ಬಾಯಿ ಬಿಗಿಹಿಡಿದಿದ್ದೆವು. ಆದರೆ ನಮ್ಮ ಈ ಅನನ್ಯ... ಕೂಸು, ನಾಲಿಗೆಗೆ ಬರುವುದು ಮಲಯಾಳವೇ ಅಲ್ಲವಾ... ಕೈಬೀಸಿ, 'ಪೋಯಿಟ್ಟು ವಾ ಅಮ್ಮೂಮ್ಮೇ' ಅಂದಳು. ಹೋಗಿ ಬಾ ಅಜ್ಜೀ ಅಂತ! ಭಾಷೆ ಬೇರೆಯಾದರೆ ಹೋದವರಿಗೆ ಕೇಳಿಸುವುದಿಲ್ಲವಾ?"

ಹೊರಗೆ ಗೇಟಿನ ಚಿಲಕ ಸದ್ದಾಯಿತು.

ನೋಡಲೆಂದು ಎದ್ದ ಅನನ್ಯಳ ಕೈಯನ್ನು ಅನಸೂಯಮ್ಮ ಗಟ್ಟಿಯಾಗಿ ಹಿಡಿದರು. "ಯಾರೇ ಆಗಲಿ ಮಗಾ, 'ಬನ್ನಿ' ಅನ್ನಬೇಡ."

ಮತ್ತೆ ಜಪಮಾಲೆ ಎತ್ತಿಕೊಂಡು ಕಣ್ಣು ಮುಚ್ಚಿದರು.

"ನಾರಾಯಣಾ, ಅತ್ತಿಗೆಯನ್ನು ನಿನ್ನ ಪಾದಕ್ಕೆ ತಲುಪಿಸು..."