ಅಟ್ಟದ ಕಾಯಿಗೆ ಬರೆದ ಸಾಲು

ದಬ್ಬೇಘಟ್ಟದ ಬಸ್ಸಿನಲ್ಲಿ ಸುವರ್ಣಮ್ಮನ ಮುಂದಿನ ಸೀಟಿನಲ್ಲಿ ಇಬ್ಬರು ಹುಡುಗಿಯರು ಲ್ಯಾಪ್‌ಟಾಪ್ ತೆರೆದು ಕೂತಿದ್ದರು.

“ನಮ್ಮ ಆ್ಯಪ್‌ನ ಎಐ ಬಳಸೋ ಟೂಲಿಗೆ ‘ಕಾಯಿ ಸುಲಿಯೋಕೆ ಆಳು ಕಳಿಸೋದು’ ಅಂತಷ್ಟೇ ಬರೆದಿದ್ದೆ ಕಣೇ ತರನ್ನುಮ್. ಯಾವಾಗ ಕಳಿಸಬಾರದು ಅಂತ ಬರೀಲಿಲ್ಲ.”

“ಅಟ್ಟದಲ್ಲಿ ವರ್ಷ ಒಣಗಿದ್ರೇ ಕೊಬ್ಬರಿ ಅಂತ ಮಕ್ಕಳಿಗೂ ಗೊತ್ತಲ್ಲೇ ಇಂಪನಾ.”

“ಎಐ ಈ ಕಡೆ ಹುಟ್ಟಿಲ್ವಲ್ಲ. ದಬ್ಬೇಘಟ್ಟದ ಬೆಟ್ಟಸ್ವಾಮಿ ತಾತ ಆಳು ಸಿಗ್ತಾರಾ ಅಂತ ಅದನ್ನ ಕೇಳಿದ್ದಷ್ಟೇ. ಅದು ಕಳಿಸೇಬಿಡ್ತು. ತಾತ ಊರಲ್ಲಿರಲಿಲ್ಲ, ಅಟ್ಟಕ್ಕೇರಿ ಏಳೇ ತಿಂಗಳಾದ ಕಾಯಿ ಅಷ್ಟನ್ನೂ ಆಳುಗಳು ಸುಲಿದುಹಾಕಿದ್ದಾರೆ.”

“ಇನ್ನು ಕೊಬ್ಬರಿ ಆಗಲ್ವಾ?”

“ಎಲ್ಲಿ ಆಗ್ತದೆ? ತಾತನ ಮುಖ ಹೆಂಗೆ ನೋಡ್ಲಿ?”

“ನೀನು ಬರೆದದ್ದನ್ನ ಓದಿ ಸರಿಯಿದೆ ಅಂದೋಳು ನಾನು. ತಾತನ ಹತ್ರ ನಾನೂ ಬತ್ತೀನಿ ಬುಡು. ಮೊದ್ಲು ಆ ಟೂಲಿಗೆ ಇದನ್ನ ಸೇರಿಸಿ ಬರಿ: ಕಾಯಿ ಅಟ್ಟಕ್ಕೇರಿ ವರ್ಷ ಆಗಿರಬೇಕು. ಮನೆಯವರು ಒಪ್ಪದೆ ಆಳು ಕಳಿಸಬೇಡ.”

ಇಂಪನಾ ಬರೆದು ಮುಗಿಸುವಷ್ಟರಲ್ಲಿ ದಬ್ಬೇಘಟ್ಟ ಬಂತು. ಅವಳ ಚೀಲವನ್ನೂ ತಾನೇ ಹೊತ್ತು ತರನ್ನುಮ್ ಮೊದಲು ಇಳಿದಳು.