ಗೌಡರ ಖೂನ

ನಾನು ಸುರೇಖಾ ಗಂಡ ಮಾಳಿಂಗ ಪೂಜಾರಿ, ವಯಸ್ಸು ನಲವತ್ತಮೂರು, ಉದ್ಯೋಗ ಜೆರಾಕ್ಸ್, ಲ್ಯಾಮಿನೇಷನ್ ಮತ್ತು ಆನ್‌ಲೈನ್ ಅರ್ಜಿ ತುಂಬುವ ಅಂಗಡಿ, ಸಾಕಿನ್ ನಾಲತವಾಡ, ತಾಲೂಕು ಮುದ್ದೇಬಿಹಾಳ. ಇಂದು ದಿನಾಂಕ 13-08-2025ರಂದು ನನ್ನನ್ನು ಯಾರೂ ಕರೆಯದಿದ್ದರೂ ನಾನಾಗಿಯೇ ಠಾಣೆಗೆ ಬಂದಿದ್ದು, ನಡೆದದ್ದೆಲ್ಲ ಕಡತದಲ್ಲಿ ಇರಲಿ ಎಂದು ಬಾಯಿಬಿಟ್ಟು ಹೇಳಿ ಬರೆಸುವುದೇನೆಂದರೆ:

ಅಂಗಡಿ ಹಾಕುವ ಮೊದಲು ನಾನು ತಹಶೀಲ್ದಾರ ಕಚೇರಿಯ ಹೊರಗೆ ಬೇವಿನ ಗಿಡದ ಕೆಳಗೆ ಕುಳಿತು ಅರ್ಜಿ ಬರೆದುಕೊಡುತ್ತಿದ್ದೆ. ಯಾವ ಮಾತು ಬರೆದರೆ ಸಾಹೇಬರು ಓದುತ್ತಾರೆ, ಯಾವುದು ಬರೆದರೆ ಕಾಗದ ಮಡಚಿ ಕೆಳಗಿಡುತ್ತಾರೆ ಎಂಬುದು ನನಗೆ ಗೊತ್ತು. ಈ ಪ್ರಕರಣವೂ ಒಂದು ಮಾತಿನದೇ ಆಗಿರುತ್ತದೆ.

ನಮ್ಮ ಹಿಂದಿನ ಓಣಿಯಲ್ಲಿ ಪರಮಾನಂದ ಮತ್ತು ಸೀತವ್ವ ಎಂಬ ಗಂಡ ಹೆಂಡತಿ ಇರುತ್ತಾರೆ. ಅವರ ಮಗ ಭೀಮು, ವಯಸ್ಸು ಇಪ್ಪತ್ತಾರು, ಲೈನ್ ಗುತ್ತಿಗೆದಾರನ ಕೈಕೆಳಗೆ ಕಂಬ ಹತ್ತುವ ಕೆಲಸ ಮಾಡುತ್ತಾನೆ. ಮಗಳು ಸೌಂದರ್ಯಾ ಖಾಸಗಿ ಶಾಲೆಯೊಂದರಲ್ಲಿ ಕನ್ನಡ ಕಲಿಸುತ್ತಾಳೆ. ಭೀಮು ಈ ಸಲ ಪವರ್‌ಮ್ಯಾನ್ ಹುದ್ದೆಗೆ ಆಯ್ಕೆ ಆಗಿದ್ದು, ಪೊಲೀಸ್ ವೆರಿಫಿಕೇಷನ್ ಒಂದೇ ಬಾಕಿ ಇದೆ. ಆ ಅರ್ಜಿ ತುಂಬಿದವಳು ನಾನು. ‘ನಿಮ್ಮ ಮೇಲೆ ಯಾವುದಾದರೂ ಪ್ರಕರಣ ಇದೆಯೇ’ ಎಂಬಲ್ಲಿ ‘ಇಲ್ಲ’ ಎಂದು ಟೈಪ್ ಮಾಡಿದ್ದೇನೆ. ಆ ‘ಇಲ್ಲ’ ಹಾಗೇ ಉಳಿಯಬೇಕು ಎಂದು ಬಂದಿದ್ದೇನೆ, ಬೇರೆ ಕೆಲಸವಿಲ್ಲ.

ಈ ಅಣ್ಣ ತಂಗಿಗೆ ಒಂದು ಹವ್ಯಾಸ. ಮೊಬೈಲ್‌ನಲ್ಲಿ ಒಂದು ಆಟ ಇರುತ್ತದೆ. ಬೇರೆ ಬೇರೆ ಆಟಗಳ ವೀರರು ತಮ್ಮ ತಮ್ಮ ಆಟ ಬಿಟ್ಟು ಅದೊಂದರಲ್ಲಿ ಬಂದು ಸೇರುತ್ತಾರೆ. ನನಗೆ ತಿಳಿಯಲಿಲ್ಲ ಎಂದಾಗ ಭೀಮು, “ಅಕ್ಕಾರ, ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿ ನಾಕೂ ಬಸ್ ಒಂದ ಸ್ಟ್ಯಾಂಡಿಗಿ ಬಂದು ಬೋರ್ಡ್ ಅದಲಿಬದಲಿ ಆದ್ರ ಹೆಂಗ, ಹಂಗರಿ” ಎಂದು ತಿಳಿಸಿಕೊಟ್ಟ. ಆ ಆಟವನ್ನು ಜಪಾನಿನವರು ಚಿತ್ರಕಥೆಯ ಪುಸ್ತಕ ಮಾಡಿದ್ದಾರೆ. ಅಂಥ ಪುಸ್ತಕಕ್ಕೆ ಮಾಂಗಾ ಎನ್ನುತ್ತಾರೆ. ಅದರಲ್ಲಿ ಏಳು ಲೋಕದ ವೀರರು ಒಂದೇ ಬಾಗಿಲ ಮುಂದೆ ಬಂದು ನಿಲ್ಲುತ್ತಾರೆ. ಒಬ್ಬರ ಬಟ್ಟೆ ಇನ್ನೊಬ್ಬರ ಮೈಮೇಲೆ, ಒಬ್ಬರ ಕತ್ತಿ ಇನ್ನೊಬ್ಬರ ಕೈಯಲ್ಲಿ. ಯಾರು ಯಾರೆಂದು ಗುರುತು ಸಿಗದೆ ತಮ್ಮವರ ಮೇಲೇ ಕತ್ತಿ ಎತ್ತುತ್ತಾರೆ. ಎಲ್ಲರಿಗೂ ಎಲ್ಲರ ಗುರುತು ಹತ್ತಿದರೆ ಮಾತ್ರ ಬಾಗಿಲು ತೆರೆಯುತ್ತದೆ. ಸೌಂದರ್ಯಾ ಇದನ್ನು ನಮ್ಮ ಕಡೆಯ ಮಾತಿಗೆ ತಂದು ಅಕ್ಷರ ಅಂಟಿಸುತ್ತಾಳೆ, ಭೀಮು ಗೆರೆ ತಿದ್ದುತ್ತಾನೆ, ನಾನು ಜೆರಾಕ್ಸ್ ತೆಗೆಯುತ್ತೇನೆ. ಗೆಳೆಯರಷ್ಟೇ ಕೈಯಿಂದ ಕೈಗೆ ಓದುತ್ತಾರೆ.

ಮೊನ್ನೆ ರವಿವಾರ ದಿನಾಂಕ 10ರಂದು ಮಧ್ಯಾಹ್ನ ಅವರಿಬ್ಬರೂ ಹೊಸ ಭಾಗ ತಂದರು. ಈ ಪುಸ್ತಕವನ್ನು ಬಲಗಡೆಯಿಂದ ಓದಬೇಕು, ಉರ್ದು ಪುಸ್ತಕದ ಹಾಗೆ. ಅದನ್ನು ನನಗೆ ಮೊದಲೇ ಹೇಳಿದ್ದರು. ನಡುವೆ ಕರೆಂಟು ಹೋಯಿತು, ಬಂತು, ಒಬ್ಬರು ಆಧಾರ್ ಹಿಡಿದು ಬಂದರು, ನಾನು ರೂಢಿಯಂತೆ ಎಡಗಡೆಯಿಂದ ಜೋಡಿಸಿ ಎರಡೂ ಮಗ್ಗುಲು ಛಾಪಿಸಿ ಪಿನ್ ಹೊಡೆದುಬಿಟ್ಟೆ.

ಭೀಮು ನೋಡಿ, “ಅಕ್ಕಾರ, ಹಿಂಗ ಓದಿದ್ರ ಸತ್ತಾವ ಮೊದಲ ಏಳ್ತಾನ, ಆಮ್ಯಾಲ ಸಾಯ್ತಾನ್ರಿ” ಎಂದ.

“ಸತ್ತಾವ ಎದ್ದಾನಲ್ಲೋ, ಅಷ್ಟ ಸಾಕು. ಯಾವಾಗ ಎದ್ದಾ ಅಂತ ಯಾರ ಕೇಳ್ತಾರ” ಎಂದು ನಾನು ಹೇಳಿದೆ. ಸೌಂದರ್ಯಾ ನಗಲಿಲ್ಲ. ಇನ್ನೊಮ್ಮೆ ತೆಗೆದುಕೊಟ್ಟೆ. ಕೆಟ್ಟ ಪ್ರತಿಗಳನ್ನು ಪಕ್ಕದ ಭಜಿ ಬಂಡಿಯ ಚನ್ನವ್ವ ಒಯ್ದಳು. ನನ್ನ ಅಂಗಡಿಯ ಕೆಟ್ಟ ಕಾಗದವೆಲ್ಲ ಅವಳ ಬಂಡಿಗೇ ಹೋಗುತ್ತದೆ. ತಹಶೀಲ್ದಾರರ ನೋಟೀಸಿನಲ್ಲಿ ಕಟ್ಟಿದ ಮಿರ್ಚಿಯನ್ನು ಈ ಊರಿನವರು ಎಷ್ಟೋ ಸಲ ತಿಂದಿದ್ದಾರೆ, ಯಾರಿಗೂ ಏನೂ ಆಗಿಲ್ಲ.

ಸೋಮವಾರ ಸಂಜೆ ಬಸವಂತರಾಯ ಗೌಡರ ಮನೆಗೆ ಚನ್ನವ್ವನ ಬಂಡಿಯಿಂದ ಮಿರ್ಚಿ ಹೋಗಿರುತ್ತದೆ. ಗೌಡರಿಗೆ ಎಪ್ಪತ್ತು ದಾಟಿದೆ, ತುಂಬು ಮೀಸೆ. ಮಿರ್ಚಿ ತಿಂದು ಕಾಗದ ಬಿಡಿಸಿದಾಗ ಅದರಲ್ಲೊಬ್ಬ ತುಂಬು ಮೀಸೆಯವನು ಬಾಗಿಲಿಗೆ ಅಡ್ಡ ನಿಂತಿದ್ದ. ಅವನ ಎದುರು ಕತ್ತಿ ಹಿಡಿದವರು. ಮೇಲೆ ಬರೆದದ್ದು, ‘ಗೌಡನ ಖೂನ ಆಗೂ ಮಟ ಬಾಗಿಲಾ ತೆರಿಯಂಗಿಲ್ಲ. ಹೊತ್ತ ಮುಳಗೂದ್ರಾಗ ಆಗಬೇಕು.’ ಹಾಳೆಯ ಕೆಳಗೆ, ಪ್ರತಿ ಬೇಕಾದವರು ಭೀಮುಗೆ ಫೋನ್ ಮಾಡಿ ಎಂದು ನಂಬರು. ಖೂನಿ ಮಾಡುವವನು ತನ್ನ ಮೊಬೈಲ್ ನಂಬರು ಕೊಟ್ಟು ಮಾಡುವುದಿಲ್ಲ ಎಂಬ ವಿಚಾರ ಗೌಡರಿಗೆ ಬರಲಿಲ್ಲ. ಬರದಿರಲು ಕಾರಣವೂ ಇದೆ. ಹೋದ ತಿಂಗಳು ಗುತ್ತಿಗೆದಾರ ಕಳಿಸಿದನೆಂದು ಭೀಮು ಕಂಬ ಹತ್ತಿ, ಗೌಡರ ಪಂಪಸೆಟ್ಟಿಗೆ ಕಳ್ಳತನದಿಂದ ಸಿಗಿಸಿದ್ದ ಕೊಕ್ಕೆ ತಂತಿ ಕಿತ್ತಿದ್ದ. ಗೌಡರು ಕೆಳಗೆ ನಿಂತು ಬೈದಿದ್ದರು, ಅವನು ಮೇಲಿನಿಂದ ಕೇಳಿಸಿಕೊಂಡಿದ್ದ.

ಮಂಗಳವಾರ ಗೌಡರು ಜೀವಬೆದರಿಕೆ ಇದೆ ಎಂದು ಅರ್ಜಿ ಕೊಟ್ಟರು. ಇಂದು ಮುಂಜಾನೆ ಭೀಮುನನ್ನು ಠಾಣೆಗೆ ಕರೆತಂದರು. ಸ್ವಲ್ಪ ಹೊತ್ತಿಗೆ ಸೀತವ್ವ ನನ್ನ ಅಂಗಡಿಗೆ ಬಂದಳು. ಕುರ್ಚಿ ತೋರಿಸಿದೆ. ಯಾವಾಗಲೂ ಮಾಡುವಂತೆ ಇಂದೂ ಹೊಸ್ತಿಲ ಹೊರಗೇ ನಿಂತಳು.

“ಸುರೇಖಾಬಾಯಾರ, ಅವನ ಹೆಸರ ಒಮ್ಮಿ ಠಾಣೇದಾಗ ಬರದ್ರಂದ್ರ ನೌಕರಿ ಹೋತಂತ, ಖರೇ ಏನ್ರಿ?”

ಷಟರ್ ಎಳೆದು, ಸರಿಯಾಗಿ ಜೋಡಿಸಿದ ಒಂದು ಪ್ರತಿ ತೆಗೆದುಕೊಂಡು, ಶಾಲೆಯಿಂದ ಸೌಂದರ್ಯಾಳನ್ನೂ ಕರೆದುಕೊಂಡು ಮೂವರೂ ಬಂದೆವು.

ಠಾಣೆಯಲ್ಲಿ ಗೌಡರು ಕುರ್ಚಿಯಲ್ಲಿದ್ದರು, ಭೀಮು ಗೋಡೆಗೆ ಹತ್ತಿ ನಿಂತಿದ್ದ. ಪಿಎಸ್ಐ ಸಾಹೇಬರು ಚಾಮರಾಜನಗರ ಕಡೆಯವರು, ಬಂದು ಹೆಚ್ಚು ದಿನ ಆಗಿಲ್ಲ. ಎಣ್ಣೆ ಹೀರಿದ ಹಾಳೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಮೇಜಿನ ಮೇಲೆ ಇಟ್ಟುಕೊಂಡಿದ್ದರು. ಮಿರ್ಚಿಯ ವಾಸನೆ ಇನ್ನೂ ಇತ್ತು.

“ಏನಮ್ಮ, ಖೂನಿ ಅಂತ ಸ್ಪಷ್ಟವಾಗೇ ಬರ್ದಿದಾರಲ್ಲ” ಎಂದರು.

“ಖೂನಿ ಅಂತಿಲ್ರೀ ಸಾಹೇಬ್ರ, ಖೂನ ಅಂತೈತಿ.”

“ಒಂದು ಗುಡಿಸು ಕಮ್ಮಿ ಅಷ್ಟೇ ತಾನೆ.”

“ಆ ಗುಡಿಸಿನ ಮ್ಯಾಲ ಒಬ್ಬನ ನೌಕರಿ ನಿಂತೈತ್ರಿ” ಎಂದೆ. ನಮ್ಮ ಕಡೆ ಖೂನ ಎಂದರೆ ಗುರುತು, ಆಡು ಕುರಿಯ ಕಿವಿಗೆ ಹಾಕುವುದು ಖೂನ, ಹೊಲದ ಬದುವಿಗೆ ನೆಡುವ ಕಲ್ಲು ಖೂನ ಎಂದು ತಿಳಿಸಿದೆ. ಹಾಗಾದರೆ ನೇರ ಗುರುತು ಎಂದೇ ಬರೆಯಬಹುದಿತ್ತಲ್ಲ ಎಂದು ಸಾಹೇಬರು ಸೌಂದರ್ಯಾಳನ್ನು ಕೇಳಿದರು.

ಜಪಾನಿ ಅಕ್ಷರ ಮೇಲಿನಿಂದ ಕೆಳಗೆ ಇಳಿಯುತ್ತವೆ, ಅದಕ್ಕೆ ಮಾತಿನ ಗುಳ್ಳೆಗಳು ಉದ್ದ ಇದ್ದು ಅಗಲ ಇರುವುದಿಲ್ಲ, ಅದರಲ್ಲಿ ಕನ್ನಡದ ದೊಡ್ಡ ಶಬ್ದ ಹಿಡಿಸುವುದಿಲ್ಲ, ಆದ್ದರಿಂದ ಗುರುತು ಹೋಗಿ ಖೂನ ಆಯಿತು, ಬಾಗಿಲು ಕಾಯುವ ಒಡೆಯ ಹೋಗಿ ಗೌಡ ಆದ ಎಂದು ಅವಳು ತಿಳಿಸಿದಳು. ನಂತರ ನನ್ನ ಪ್ರತಿ ಬಿಡಿಸಿ, ಬಲಗಡೆಯಿಂದ, ಮುಂದಿನ ಪುಟ ತೋರಿಸಿದಳು. ಅದರಲ್ಲಿ ಬಾಗಿಲು ಕಾಯುವವನ ಶಿರಸ್ತ್ರಾಣ ಬಿದ್ದು ಹಣೆಯ ಕಲೆ ಕಾಣುತ್ತದೆ. ಅವನು ಇವರವನೇ, ಎಲ್ಲ ಮರೆತಿದ್ದಾನೆ. ಕತ್ತಿ ಹಿಡಿದವರು ಕತ್ತಿ ಕೆಳಗಿಡುತ್ತಾರೆ. ಗುಳ್ಳೆಯಲ್ಲಿ, ‘ಅಣ್ಣಾ, ಖೂನ ಸಿಕ್ತು.’

“ಇದೆಲ್ಲಾ ಕಲ್ತವರ ನಾಟಕರೀ” ಎಂದು ಗೌಡರು ನಡುವೆ ಬಾಯಿ ಹಾಕಿದರು. “ಖೂನ ಅಂದ್ರ ಖೂನೀನ. ಹುಟ್ಟಿದಾಗಿಂದ ಕೇಳಾಕತ್ತೇನಿ.”

ಸಾಹೇಬರು ಬೇರೆ ಮಾತು ತೆಗೆದು, ಈ ಭೀಮು ಮತ್ತು ನಿಮ್ಮ ನಡುವೆ ಹಳೆಯ ದ್ವೇಷ ಇದೆಯೇ, ಇವನು ನಿಮಗೆ ಎಷ್ಟು ದಿನದ ಪರಿಚಯ ಎಂದು ಕೇಳಿದರು.

ಗೌಡರು ಗೋಡೆಯ ಕಡೆ ನೋಡದೇ, “ಎಲ್ಲಿ ದ್ವೇಷರಿ, ಇವನ ಖೂನಾನ ಇಲ್ಲ ನನಗ” ಎಂದರು.

ಹೆಡ್ ಕಾನ್ಸ್‌ಟೇಬಲ್ ಗೈಬುಸಾಬ ಈ ಕಡೆಯವರೇ, ಬರೆಯುತ್ತಿದ್ದ ಪೆನ್ನು ನಿಲ್ಲಿಸಿದರು. ಸಾಹೇಬರು ನನ್ನ ಮುಖ ನೋಡಿದರು.

“ಗೌಡ್ರ” ಎಂದೆ, “ಈಗ ಯಾರ ಖೂನಿ ಸುದ್ದಿ ತಗದ್ರಿ?”

ಗೌಡರು ಮೀಸೆ ಒರೆಸಿಕೊಂಡರು. ಆಗ ಬಾಗಿಲ ಹೊರಗೆ ನಿಂತಿದ್ದ ಸೀತವ್ವ ಮೊದಲ ಸಲ ಒಳಗೆ ಬಂದಳು. ದನಿ ಏರಿಸಲಿಲ್ಲ.

“ಗೌಡ್ರ, ಇಂವಾ ಹುಟ್ಟೂ ದಿನಾ ನಿಮ್ಮ ಕಣದಾಗ ಜ್ವಾಳಾ ತೂರಾಕತ್ತಿದ್ನಿರಿ. ನಿಮ್ಮ ಕಣದಾಗ ಬ್ಯಾನಿ ಸುರು ಆಗಿ ಅಲ್ಲೇ ಹಡದೇನ್ರಿ. ನಿಮ್ಮ ಬಂಡ್ಯಾಗ ಕೂಸಿನ ಕರಕೊಂಡ ಮನಿಗಿ ಹೋಗೇನಿ. ಖೂನ ಸಿಗಲಿಲ್ಲೇನ್ರಿ?”

ಗೌಡರು ಭೀಮುನ ಮುಖವನ್ನು ಆಗ ನೋಡಿದರು. ಸುಮಾರು ಹೊತ್ತು ನೋಡಿದರು.

“ಪರಮ್ಯಾನ ಮಗ ಏನ” ಎಂದರು.

“ಪರಮಾನಂದ ಅಂತ ಹೆಸರ್ರಿ” ಎಂದ ಭೀಮು. ನಾವು ಠಾಣೆಗೆ ಬಂದ ಮೇಲೆ ಅವನು ಆಡಿದ ಮಾತು ಅದೊಂದೇ.

ಗೌಡರು ಅರ್ಜಿ ವಾಪಸ್ ಪಡೆಯುವುದಾಗಿ ತಿಳಿಸಿದರು. ಸಾಹೇಬರು ಮುಂಜಾನೆ ತೆಗೆದಿಟ್ಟುಕೊಂಡಿದ್ದ ಭೀಮುನ ಫೋನು ಅವನ ಕೈಗೆ ಕೊಟ್ಟು, ಒಳಕೋಣೆಗೆ ಚಹಾಕ್ಕೆ ಹೋದರು. ಸೀತವ್ವನಿಗೆ ಗೈಬುಸಾಬರು ಕುರ್ಚಿ ಎಳೆದರು. ಅವಳು ಕುರ್ಚಿಯನ್ನು ಒಮ್ಮೆ ನೋಡಿ ಕುಳಿತಳು.

ಗೌಡರಿಗೆ ಹೋದ ವರ್ಷ ಲಕ್ವ ಹೊಡೆದು ಬಲಗೈ ನಡುಗುತ್ತಿದ್ದು, ಸಹಿ ಬರುವುದಿಲ್ಲ. ಗೈಬುಸಾಬರು ಶಾಯಿಯ ಡಬ್ಬಿ ತೆರೆದು ಅವರ ಎಡ ಹೆಬ್ಬೆಟ್ಟು ಹಿಡಿದು ಅರ್ಜಿ ವಾಪಸಿನ ಕಾಗದದ ಮೇಲೆ ಒತ್ತಿಸಿದರು. ಗೌಡರು ಬೆರಳು ಒರೆಸಿಕೊಳ್ಳಲು ಕಾಗದ ಹುಡುಕಿದರು. ಭೀಮು ಮೇಜಿನ ಮೇಲಿದ್ದ ನಮ್ಮ ಪ್ರತಿಯಿಂದ ಕೊನೆಯ ಖಾಲಿ ಹಾಳೆ ಹರಿದು ಕೊಟ್ಟ. ಗೌಡರು ತೆಗೆದುಕೊಂಡರು.

ಕೆಲಸ ಮುಗಿದ ಮೇಲೆ ಗೈಬುಸಾಬರು ರೂಢಿಯಂತೆ ಒಳಕೋಣೆಯ ಕಡೆ ತಿರುಗಿ ಕೂಗಿ ಹೇಳಿದರು.

“ಸಾಹೇಬ್ರ, ಗೌಡ್ರ ಖೂನ ಆತ್ರಿ.”

ಒಳಗೆ ಚಹಾದ ಕಪ್ಪು ಬಿದ್ದ ಸಪ್ಪಳವಾಯಿತು. ಸಾಹೇಬರು ಟೋಪಿ ಇಲ್ಲದೆ ಬಾಗಿಲಿಗೆ ಬಂದು, ಕುರ್ಚಿಯಲ್ಲಿ ಕುಳಿತು ಬೆರಳು ಒರೆಸಿಕೊಳ್ಳುತ್ತಿದ್ದ ಗೌಡರನ್ನು ನೋಡಿ, ಒಂದು ಗಳಿಗೆ ಅಲ್ಲೇ ನಿಂತು, ವಾಪಸ್ ಹೋದರು. ಗೌಡರೇ ಮೊದಲು ನಕ್ಕರು.

ಮೇಲೆ ಬರೆಸಿದ್ದು ನಾನು ಕಂಡದ್ದು ಮತ್ತು ಕೇಳಿದ್ದು, ಸೇರಿಸಿದ್ದೇನೂ ಇಲ್ಲ. ಗೈಬುಸಾಬರು ಓದಿ ಹೇಳಿದ್ದನ್ನು ಕೇಳಿ ಒಪ್ಪಿದ್ದೇನೆ. ಈ ಹೇಳಿಕೆಯಲ್ಲಿ ನಮ್ಮವರ ಬಾಯಲ್ಲಿ ಖೂನ ಎಂದು ಬಂದ ಕಡೆ ಯಾರೂ ಗುಡಿಸು ಹಾಕಿ ತಿದ್ದಬಾರದು ಎಂದು ವಿನಂತಿ.

ಸ್ಥಳ: ಠಾಣೆ
ದಿನಾಂಕ: 13-08-2025
ಸಹಿ: ಸುರೇಖಾ ಮಾಳಿಂಗ ಪೂಜಾರಿ
ಸಾಕ್ಷಿ: ಸೀತವ್ವ ಗಂಡ ಪರಮಾನಂದ, ಇವರ ಎಡ ಹೆಬ್ಬೆಟ್ಟಿನ ಖೂನ