ಎಡ ಮುಂದಿನ ಚಕ್ರದ ಹಸಿರು ಗೆರೆ

ನನ್ನ ಹೆಸರು ನಿನ್ನೆಯ ಹೇಳಿಕೆಯ ಮೊದಲ ಸಾಲಿನಲ್ಲಿದೆ, ಅದರಲ್ಲಿ ಬದಲಾವಣೆ ಇಲ್ಲ. ಕೆಲಸದ ಜಾಗದಲ್ಲಿ ಎಲ್ಲರೂ ಕರೆಯುವುದು ಟಾರ್ಚಕ್ಕ ಎಂದು. ವಯಸ್ಸು ನಲವತ್ತಾರು. ವೃತ್ತಿ, ಕಾರ್ ರೇಸ್ ಟ್ರ್ಯಾಕಿನಲ್ಲಿ ವಾಹನ ತಪಾಸಣೆ. ವಾಸ, ಬಸ್ ಡಿಪೋ ಹಿಂದಿನ ಟೈರ್ ಅಂಗಡಿಯ ಮೇಲೆ ಎರಡನೇ ಮಹಡಿ, ತಮ್ಮನ ಜೊತೆ. ಈ ದಿನ ಬೆಳಿಗ್ಗೆ 9-10ಕ್ಕೆ ಯಾರೂ ಕರೆಯದೆ ಠಾಣೆಗೆ ಬಂದು ನಾನು ಈ ಮೂಲಕ ತಿಳಿಸುವುದೇನೆಂದರೆ, ನಿನ್ನೆ ಮಧ್ಯಾಹ್ನ ನಾನು ಕೊಟ್ಟ ಹೇಳಿಕೆಯಲ್ಲಿ ಒಂದು ಸುಳ್ಳಿದೆ. ಅದನ್ನು ಸರಿಪಡಿಸಲು ಮೊದಲಿನಿಂದ ಹೇಳುತ್ತೇನೆ.

ನಿನ್ನೆ ಟ್ರ್ಯಾಕ್ ಡೇ ಇತ್ತು. ಅಂದರೆ ಸ್ಪೋರ್ಟ್ಸ್ ಕಾರು ಇಟ್ಟುಕೊಂಡವರು ಅದನ್ನು ತಂದು ಟ್ರ್ಯಾಕಿನಲ್ಲಿ ಮನಸ್ಸಿಗೆ ಬಂದಷ್ಟು ಜೋರಾಗಿ ಓಡಿಸುವ ದಿನ. ಸ್ಪರ್ಧೆ ಇಲ್ಲ, ಬಹುಮಾನವೂ ಇಲ್ಲ. ರಸ್ತೆಯಲ್ಲಿ ವರ್ಷಗಟ್ಟಲೆ ತೊಂದರೆ ಕೊಡದ ಕಾರಿನ ಬಣ್ಣ ಇಲ್ಲಿ ಇಪ್ಪತ್ತು ನಿಮಿಷದಲ್ಲಿ ಬಯಲಾಗುತ್ತದೆ. ಬ್ರೇಕ್ ಎಣ್ಣೆ ಕುದಿಯುತ್ತದೆ, ಟೈರು ಸುಲಿಯುತ್ತದೆ. ಹಿಂದೆ ಆಳುದ್ದದ ರೆಕ್ಕೆ ಹಾಕಿಸಿಕೊಂಡು, ಕೆಳಗೆ ಸವೆದ ಬ್ರೇಕ್ ಪ್ಯಾಡ್ ಇಟ್ಟುಕೊಂಡು ಬರುವವರು ಪ್ರತಿ ಸಲ ನಾಲ್ಕು ಜನ ಇರುತ್ತಾರೆ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ. ಅಂಥವರನ್ನು ಗೇಟಿನಿಂದಲೇ ವಾಪಸು ಕಳಿಸುವುದು ನನ್ನ ಕೆಲಸ. ಅದರಲ್ಲಿ ಯಾರ ಮುಲಾಜೂ ನೋಡುವವಳಲ್ಲ ಎಂದು ನಾನೇ ಹೇಳಿಕೊಂಡು ತಿರುಗುತ್ತಿದ್ದೆ.

ನನ್ನ ತಮ್ಮ ಅದೇ ಟ್ರ್ಯಾಕಿನ ನಾಲ್ಕನೇ ಗ್ಯಾರೇಜಿನ ಮೆಕ್ಯಾನಿಕ್. ವಯಸ್ಸು ಮೂವತ್ತೆಂಟು. ಮಾತು ಕಡಿಮೆ, ಅದಕ್ಕೆ ಅವನನ್ನು ಮೌನಿ ಎನ್ನುತ್ತಾರೆ. ಅಮ್ಮ ತೀರಿಕೊಂಡಾಗ ಅವನಿಗೆ ಒಂಬತ್ತು ವರ್ಷ, ಆಮೇಲೆ ಬೆಳೆಸಿದವಳು ನಾನು.

ನಮ್ಮಲ್ಲಿ ಒಂದು ಪದ್ಧತಿ ಇದೆ. ಓಡಿ ಬಂದ ಕಾರಿನ ಚಕ್ರ ಬದಲಿಸಿದರೆ, ಬಿಸಿ ಇರುವಾಗ ನಟ್ಟುಗಳನ್ನು ಅರ್ಧ ಮಾತ್ರ ಬಿಗಿಯಬೇಕು. ಬಿಗಿದವನು ತನ್ನ ಬಣ್ಣದ ಪೇಂಟ್ ಪೆನ್ನಿನಿಂದ ನಟ್ಟಿನ ಮೇಲೆ ಅರ್ಧ ಗೆರೆ ಎಳೆಯುತ್ತಾನೆ. ಇಪ್ಪತ್ತು ನಿಮಿಷ ಆರಿದ ಮೇಲೆ ಪೂರ್ತಿ ಬಿಗಿದು, ಅದೇ ಗೆರೆಯನ್ನು ಚಕ್ರದವರೆಗೆ ಮುಂದುವರಿಸುತ್ತಾನೆ. ಪೂರ್ತಿ ಗೆರೆ ಇದ್ದರೆ ಕೆಲಸ ಮುಗಿದಿದೆ ಎಂದರ್ಥ. ತಮ್ಮನ ಬಣ್ಣ ಹಸಿರು. ಆ ಪೆನ್ನುಗಳನ್ನು ಅವನಿಗೆ ತಂದುಕೊಡುವವಳು ನಾನೇ ಆದ್ದರಿಂದ ಒಂದು ಯಾವಾಗಲೂ ನನ್ನ ಜೇಬಿನಲ್ಲಿ ಇರುತ್ತದೆ. ಗೆರೆ ನೋಡಿದ ಮೇಲೂ ಪ್ರತಿ ಚಕ್ರದ ಒಂದು ನಟ್ಟಿಗೆ ನಾನು ಅಳತೆಯ ಸ್ಪ್ಯಾನರ್ ಹಾಕಿ ಬಿಗಿ ಎಷ್ಟಿದೆ ಎಂದು ಪರೀಕ್ಷಿಸಬೇಕೆಂಬುದು ನಿಯಮ. ಬೇರೆಯವರ ಗೆರೆಗೆ ಹಾಕುತ್ತೇನೆ. ಹಸಿರು ಗೆರೆಗೆ ಹನ್ನೊಂದು ವರ್ಷದಲ್ಲಿ ಒಮ್ಮೆಯೂ ಹಾಕಿಲ್ಲ.

ನಿನ್ನೆ ಬೆಳಿಗ್ಗೆ 10-40ಕ್ಕೆ ಒಂದು ಕೆಂಪು ಕಾರು ಮೊದಲ ಸರದಿಯ ಓಟ ಮುಗಿಸಿ ನಾಲ್ಕನೇ ಗ್ಯಾರೇಜಿಗೆ ಬಂತು. ಎರಡೇ ಸೀಟಿನ ಕಾರು. ಓಡಿಸುತ್ತಿದ್ದವರು ಒಬ್ಬ ಹಲ್ಲಿನ ಡಾಕ್ಟರು, ಪಕ್ಕದಲ್ಲಿ ಅವರ ತಮ್ಮ, ಇಪ್ಪತ್ತಾರು ವರ್ಷದವನು. ಟೈರು ಸವೆದಿದ್ದರಿಂದ ನಾಲ್ಕೂ ಚಕ್ರ ಬದಲಿಸಬೇಕೆಂದು ಡಾಕ್ಟರು ಕೇಳಿದರು. ನನ್ನ ತಮ್ಮ ನಾಲ್ಕನ್ನೂ ಬದಲಿಸಿ ಅರ್ಧ ಬಿಗಿದು ಅರ್ಧ ಗೆರೆ ಎಳೆದ. 11-10ರಿಂದ ಪೂರ್ತಿ ಬಿಗಿಯುತ್ತಾ ಬಂದ. ಮೂರು ಚಕ್ರ ಮುಗಿದಾಗ ಪಕ್ಕದ ಗ್ಯಾರೇಜಿನಲ್ಲಿ ಒಂದು ಕಾರಿನ ಕೆಳಗೆ ಬೆಂಕಿ ಕಾಣಿಸಿಕೊಂಡಿತೆಂದು ಕೂಗಿದರು. ಅವನು ಸ್ಪ್ಯಾನರ್ ಕೆಳಗಿಟ್ಟು ಓಡಿದ. ಇದನ್ನು ನಾನು ಆಮೇಲೆ ತಿಳಿದೆ. ನಾನು ಆಗ ನಲವತ್ತು ಮೀಟರ್ ಆಚೆ ಗೇಟಿನಲ್ಲಿದ್ದೆ.

11-24ಕ್ಕೆ ಡಾಕ್ಟರು ಕಾರನ್ನು ತಾವೇ ಗೇಟಿಗೆ ತಂದರು. 11-30ಕ್ಕೆ ಗೇಟು ಮುಚ್ಚುತ್ತದೆ, ಅವರ ಹಿಂದೆ ಹನ್ನೊಂದು ಕಾರು ಹಾರನ್ ಹೊಡೆಯುತ್ತಿದ್ದವು. ಮೆಕ್ಯಾನಿಕ್ ಮುಗಿಸಿದನಾ ಎಂದು ಕೇಳಿದೆ. ಹೂಂ ಅಕ್ಕ, ಆಗಲೇ ಆಯ್ತಲ್ಲ ಅಂದರು. ಅವರು ಬೇಕೆಂದೇ ಸುಳ್ಳು ಹೇಳಿದರೆಂದು ನನಗೆ ಅನ್ನಿಸುವುದಿಲ್ಲ, ಚಕ್ರ ಕೂರಿಸಿದ್ದನ್ನು ಕಂಡವರಿಗೆ ಅದು ಮುಗಿದ ಕೆಲಸವೇ. ನಾನು ಟಾರ್ಚ್ ಬಿಟ್ಟು ನೋಡಿದೆ. ಮೂರು ಚಕ್ರಗಳಲ್ಲಿ ಪೂರ್ತಿ ಗೆರೆ ಇತ್ತು. ಎಡ ಮುಂದಿನ ಚಕ್ರದಲ್ಲಿ ಐದೂ ನಟ್ಟಿಗೆ ಅರ್ಧ ಗೆರೆ ಇತ್ತು. ತಮ್ಮ ಬಿಗಿದು ಗೆರೆ ಎಳೆಯಲು ಮರೆತಿದ್ದಾನೆ ಎಂದುಕೊಂಡೆ. ವಾಪಸು ಕಳಿಸಿದರೆ ಗ್ಯಾರೇಜಿನ ಮೇಸ್ತ್ರಿ ಎಲ್ಲರೆದುರು ಅವನ ಮಾನ ಹರಾಜು ಹಾಕುತ್ತಾನೆ ಎಂಬುದೂ ತಲೆಗೆ ಬಂತು. ಜೇಬಿನಿಂದ ಪೆನ್ನು ತೆಗೆದು ಐದೂ ಗೆರೆಗಳನ್ನು ಚಕ್ರದವರೆಗೆ ನಾನೇ ಎಳೆದೆ. ಇನ್ನೊಬ್ಬರ ಗೆರೆಯನ್ನು ಮುಟ್ಟುವುದು ನಮ್ಮಲ್ಲಿ ಯಾರೂ ಮಾಡದ ಕೆಲಸ. ಮದುಮಗಳ ಮೇಕಪ್ ಮುಗೀತಾ ಅಕ್ಕ ಎಂದು ಡಾಕ್ಟರ ತಮ್ಮ ಕಿಟಕಿಯಿಂದ ಕೇಳಿದ. ಹೋಗಪ್ಪ, ನಿನ್ನ ಬೆಲ್ಟ್ ನೋಡ್ಕೋ ಎಂದು ಹೇಳಿ ಪಾಸ್ ಸ್ಟಿಕರ್ ಅಂಟಿಸಿದೆ. ಅವನು ನಕ್ಕ.

11-37ಕ್ಕೆ, ಮೂರನೇ ಸುತ್ತಿನಲ್ಲಿ, ಒಂಬೈನೂರು ಮೀಟರ್ ನೇರ ದಾರಿಯ ತುದಿಯಲ್ಲಿ ಆ ಕಾರಿನ ಎಡ ಮುಂದಿನ ಚಕ್ರ ಕಳಚಿತು. ಆಗ ವೇಗ 196 ಕಿಲೋಮೀಟರ್ ಎಂದು ಯಂತ್ರದಲ್ಲಿ ದಾಖಲಾಗಿದೆ. ಕಾರಿನ ಮೂತಿ ನೆಲಕ್ಕೆ ಬಿದ್ದು ಕಿಡಿ ಎದ್ದಿತು. ಕಾರು ಒಂದೂವರೆ ಸುತ್ತು ತಿರುಗಿ ಎಡ ಪಕ್ಕದಿಂದ, ಅಂದರೆ ಆ ಹುಡುಗ ಕೂತ ಪಕ್ಕದಿಂದ, ಗೋಡೆಗೆ ಹೊಡೆಯಿತು. ಬಾಗಿಲು ಒಳಕ್ಕೆ ಬಂದು ಅವನ ಎದೆಗೂಡು ಕುಸಿದಿತ್ತು. ನಾನು ಓಡಿ ಹೋದಾಗ ಕಣ್ಣು ತೆರೆದಿದ್ದ, ಬಾಯಿಂದ ರಕ್ತ ಹೆಲ್ಮೆಟ್ಟಿನೊಳಗೆ ತುಂಬುತ್ತಿತ್ತು. ನಾನು ಹೇಳಿದಂತೆ ಬೆಲ್ಟ್ ಸರಿಯಾಗಿಯೇ ಕಟ್ಟಿದ್ದ. 11-52ಕ್ಕೆ ಟ್ರ್ಯಾಕಿನ ವೈದ್ಯರು ಅವನು ಹೋದ ಎಂದರು. ಹಲ್ಲಿನ ಡಾಕ್ಟರಿಗೆ ಒಂದು ಮಣಿಕಟ್ಟು ಮಾತ್ರ ಉಳುಕಿತ್ತು.

ಕಳಚಿದ ಚಕ್ರ ಬೇಲಿ ಹಾರಿ ಶೌಚಾಲಯದ ಗೋಡೆಗೆ ಬಿದ್ದಿತ್ತು. ಟ್ರ್ಯಾಕಿನ ಬದಿಯಲ್ಲಿ ನಿಂತು ಬಾವುಟ ಬೀಸುವವನು ಅದನ್ನು ಉರುಳಿಸಿಕೊಂಡು ನಾಲ್ಕನೇ ಗ್ಯಾರೇಜಿಗೆ ತಂದ. ನಾನೂ ಅಲ್ಲಿಗೆ ಹೋದೆ. ನಟ್ಟುಗಳು ಒಂದೂ ಇರಲಿಲ್ಲ, ಚಕ್ರದ ಮೇಲೆ ಐದು ಹಸಿರು ಗೆರೆಯ ತುಂಡುಗಳಿದ್ದವು. ನನ್ನ ತಮ್ಮ ಬಗ್ಗಿ ಅವನ್ನು ನೋಡಿದ, ಒಂದನ್ನು ಬೆರಳಿನಿಂದ ಮುಟ್ಟಿದ. ಆ ಚಕ್ರಕ್ಕೆ ತಾನು ಎರಡನೇ ಸಲ ಕೈ ಹಾಕಿರಲಿಲ್ಲ ಎಂಬುದು ಅವನಿಗೆ ಗೊತ್ತಿತ್ತು. ತಲೆಯೆತ್ತಿ ನನ್ನನ್ನು ನೋಡಿದ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡ ಹಾಗೆ ನನ್ನ ಕೈ ತಾನಾಗಿ ಜೇಬಿಗೆ ಹೋಯಿತು. ಅವನು ಅದನ್ನೂ ನೋಡಿದ.

11-58ಕ್ಕೆ ಡಾಕ್ಟರು ಹೆಲ್ಮೆಟ್ ತೆಗೆಯದೆ, ಮುನ್ನೂರು ಮೀಟರ್ ನಡೆದು ಗ್ಯಾರೇಜಿಗೆ ಬಂದರು. ಈ ಚಕ್ರ ಬಿಗಿದದ್ದು ಯಾರು ಎಂದು ಮೆಲ್ಲಗೇ ಕೇಳಿದರು. ಆಗ ನಾನು ಬಾಯಿ ಬಿಡಬೇಕಿತ್ತು, ಬಿಡಲಿಲ್ಲ. ನಾನೇ ಸಾರ್ ಎಂದು ತಮ್ಮ ಹೇಳಿದ. ಡಾಕ್ಟರು ಟ್ರಾಲಿಯ ಮೇಲಿದ್ದ ಅಳತೆಯ ಸ್ಪ್ಯಾನರ್, ಅರವತ್ತು ಸೆಂಟಿಮೀಟರ್ ಉದ್ದದ್ದು, ಎತ್ತಿ ಅವನ ದವಡೆಗೆ ಹೊಡೆದರು. ಮೂಳೆ ಮುರಿದ ಸದ್ದು ನನಗೆ ಕೇಳಿಸಿತು. ಎರಡನೇ ಏಟು ಹೆಗಲಿನ ಮೂಳೆಗೆ, ಮೂರನೆಯದು ಬಿದ್ದವನ ಬೆನ್ನಿಗೆ. ತಮ್ಮ ಕೈ ಅಡ್ಡ ಹಿಡಿಯಲಿಲ್ಲ. ಅವನ ಎರಡು ಹಲ್ಲು ನನ್ನ ಶೂ ಹತ್ತಿರ ಬಂದು ಬಿದ್ದವು.

ನಾನು ಜಾಕಿನ ಕಬ್ಬಿಣದ ಹಿಡಿ ತೆಗೆದುಕೊಂಡು ಹಿಂದಿನಿಂದ ಡಾಕ್ಟರಿಗೆ ಹೊಡೆದೆ. ಮೊದಲು ಮೊಣಕಾಲಿಗೆ, ಅವರು ಕುಸಿದ ಮೇಲೆ ತೋಳಿಗೆ, ಪಕ್ಕೆಗೆ. ಮೂರು ಏಟು ಎಂದು ನಿನ್ನೆ ಹೇಳಿದ್ದೆ. ಕ್ಯಾಮೆರಾದಲ್ಲಿ ಏಳು ಎಂದು ನೀವು ತೋರಿಸಿದಿರಿ, ಏಳು ಎಂದೇ ಬರೆದುಕೊಳ್ಳಿ. ಹಿಡಿ ಜಾರಿದ ಮೇಲೆ ಮುಷ್ಟಿಯಿಂದ ಅವರ ಹೆಲ್ಮೆಟ್ಟಿಗೆ ಗುದ್ದಿದ್ದರಿಂದ ನನ್ನ ಬಲಗೈಯ ಎರಡು ಮೂಳೆ ಮುರಿದಿವೆ. ಆ ಹೆಲ್ಮೆಟ್ ಇಲ್ಲದಿದ್ದರೆ ಅವರು ಬದುಕಿರುತ್ತಿರಲಿಲ್ಲ, ನಾನು ನಿಲ್ಲಿಸುತ್ತಿರಲಿಲ್ಲ. ಹೊಡೆಯುತ್ತಿದ್ದ ಸಿಟ್ಟಿನಲ್ಲಿ ಅರ್ಧ ನನ್ನ ಮೇಲಿನದು. ಬಾವುಟದವನು ನಮ್ಮನ್ನು ಬಿಡಿಸಿದ. ಇಬ್ಬರೂ ನನ್ನ ತಮ್ಮ, ನನ್ನ ತಮ್ಮ ಅಂತಲೇ ಕೂಗ್ತಿದ್ರಿ, ಯಾರ ದನಿ ಯಾವುದು ಅಂತ ಗೊತ್ತಾಗಲಿಲ್ಲ ಎಂದು ಅವನು ಆಮೇಲೆ ಹೇಳಿದ.

ಮಧ್ಯಾಹ್ನ 3 ಗಂಟೆಗೆ ಇದೇ ಕೋಣೆಯಲ್ಲಿ, ಗೆರೆ ನನ್ನ ತಮ್ಮನದು, ಅದನ್ನು ನೋಡಿ ಪಾಸ್ ಮಾಡಿದೆ ಎಂದು ಹೇಳಿ ಗುರುತು ಒತ್ತಿದೆ. ಆತುರಗಾರನಿಗೆ ಬುದ್ಧಿ ಮಟ್ಟ ಎಂದು ದಿನಕ್ಕೆ ಹತ್ತು ಜನರಿಗೆ ಬೈಯುವವಳು ನಾನು.

ಸಂಜೆ 5-30ಕ್ಕೆ ಆಸ್ಪತ್ರೆಗೆ ಹೋದೆ. ತಮ್ಮನ ದವಡೆಗೆ ತಂತಿ ಕಟ್ಟಿದ್ದರು. ಗೆರೆ ತಮ್ಮನದು ಎಂದು ಹೇಳಿಬಂದಿದ್ದೇನೆಂದು ನಾನು ಅವನಿಗೆ ತಿಳಿಸಲಿಲ್ಲ, ತಿಳಿಸಲು ಮುಖ ಇರಲಿಲ್ಲ. ಅವನು ಕೈಸನ್ನೆ ಮಾಡಿ ಕಾಗದ ಕೇಳಿ ಬರೆದುಕೊಟ್ಟದ್ದು ಇಷ್ಟು: ಅಕ್ಕಾ, ಆ ಗೆರೆ ನಂದೇ. ಬಿಗಿಯೋದು ಮರೆತೆ. ಹಂಗೇ ಹೇಳು.

ಆ ಚೀಟಿಯನ್ನೂ ಹಸಿರು ಪೆನ್ನನ್ನೂ ಈಗ ಹಾಜರುಪಡಿಸುತ್ತಿದ್ದೇನೆ. ಚೀಟಿಯ ಅಕ್ಷರ ಅವನದೇ, ಆದರೆ ಅದರಲ್ಲಿ ಬರೆದಿರುವುದು ನಿಜವಲ್ಲ. ಮೂವತ್ತೆಂಟು ವರ್ಷದಲ್ಲಿ ನನಗೆ ಗೊತ್ತಿದ್ದಂತೆ ಅವನು ಹೇಳಿದ ಮೊದಲ ಸುಳ್ಳು ಅದು. ಅದನ್ನು ಅವನ ವಿರುದ್ಧ ಸಾಕ್ಷಿಯಾಗಿ ಬಳಸಬಾರದೆಂದು ಕೇಳಿಕೊಳ್ಳುತ್ತೇನೆ. ಗೆರೆ ನನ್ನದು.

ಇದನ್ನು ಠಾಣೆಯ ಬರಹಗಾರರು ಎರಡು ಸಲ ಓದಿ ಹೇಳಿದರು. ನಾನು ಹೇಳಿದಂತೆಯೇ ಇದೆ, ಈ ಸಲ ಎಲ್ಲವೂ ನಿಜ.

ಸ್ಥಳ: ಠಾಣೆಯ ಒಳಕೋಣೆ
ದಿನಾಂಕ: ಘಟನೆಯ ಮರುದಿನ, ಬೆಳಿಗ್ಗೆ 10-35
ಸಹಿ: ಬಲಗೈಗೆ ಪಟ್ಟಿ ಇರುವುದರಿಂದ ಎಡಗೈ ಹೆಬ್ಬೆಟ್ಟಿನ ಗುರುತು